ಆಗಲ್ಲಪ್ಪನವರ ಮನೆಯ ಸರ್ಕಾರ

ನೀರು ಸರಬರಾಜು ಕಚೇರಿಯ ಎರಡನೇ ಕಿಟಕಿಯ ಹಿಂದೆ ಕೂರುವ ಗುಮಾಸ್ತರಿಗೆ ಹೆತ್ತವರು ಇಟ್ಟ ಹೆಸರು ಯಾವುದೋ, ಈಗ ಊರಲ್ಲಿ ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಅವರು ಆಗಲ್ಲಪ್ಪನವರು. ಹೊಸ ನಲ್ಲಿ ಬೇಕು ಎಂದು ಹೋದವರಿಗೆ "ಆಗಲ್ಲಪ್ಪ". ಒಡೆದ ಪೈಪು ಸರಿ ಮಾಡಿಸಿ ಎಂದು ಹೋದವರಿಗೆ "ಆಗಲ್ಲಪ್ಪ". ಅದರಲ್ಲೂ ಬಗೆಬಗೆ ಇದ್ದವು. ತಲೆ ಎತ್ತದೆ ಹೇಳುವ ಆಗಲ್ಲ ಒಂದು, ಕನ್ನಡಕ ತೆಗೆದು ಒರೆಸುತ್ತ ಹೇಳುವ ಆಗಲ್ಲ ಇನ್ನೊಂದು. ಎಲ್ಲಕ್ಕಿಂತ ಮೇಲಿನದು, ನನಗೇನೋ ಮನಸ್ಸಿದೆ, ನಿಯಮ ಬಿಡಬೇಕಲ್ಲ ಎಂಬ ನಿಟ್ಟುಸಿರಿನ ಜೊತೆ ಬರುವ ಆಗಲ್ಲ. ಅದನ್ನು ಕೇಳಿದವರು ಕೈಮುಗಿದು, ಥ್ಯಾಂಕ್ಸ್ ಹೇಳಿ ಹೋಗಿ, ಬಸ್ಸು ಹತ್ತಿದ ಮೇಲೆ ತಮಗೆ ನೀರು ಸಿಕ್ಕಿಲ್ಲವೆಂಬುದು ನೆನಪಾಗಿ ಇಳಿದು ಓಡಿಬರುತ್ತಿದ್ದರು. ಅಷ್ಟರಲ್ಲಿ ಕಿಟಕಿ ಮುಚ್ಚಿರುತ್ತಿತ್ತು.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಗಾದೆ. ಆಗಲ್ಲಪ್ಪನವರು ಅದನ್ನು ಹಾಗೇ ತಿರುವಿ ಹಾಕಿಕೊಂಡಿದ್ದರು. ಮನೆಯಲ್ಲಿ ಅವರಿಗೆ ಒಬ್ಬಳು ಮಗಳಿದ್ದಳು. ಅವಳನ್ನು ಅವರು ಮುದ್ದಿನಿಂದ "ಸರ್ಕಾರ" ಎಂದು ಕರೆಯುತ್ತಿದ್ದರು. ಬೇರೆ ಸರ್ಕಾರಗಳು ಐದು ವರ್ಷಕ್ಕೆ ಇಳಿಯುತ್ತವೆ. ಈ ಸರ್ಕಾರ ಐದು ತುಂಬಿದ ಮೇಲೆ ಇನ್ನಷ್ಟು ಗಟ್ಟಿಯಾಗಿ ಕೂತಿತು.

ಬೆಳಿಗ್ಗೆ ಬ್ರೆಡ್ಡನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ ಕೊಡಬೇಕೆಂದು ಸರ್ಕಾರದ ಅಪ್ಪಣೆ. ಕತ್ತರಿಸಿದ ಮೇಲೆ ಇಡೀ ಬ್ರೆಡ್ಡೇ ಬೇಕೆಂದು ಇನ್ನೊಂದು ಅಪ್ಪಣೆ. ಆಗ ಆಗಲ್ಲಪ್ಪನವರು ಎರಡು ತುಂಡುಗಳ ಅಂಚಿಗೆ ಜ್ಯಾಮ್ ಸವರಿ ಅಂಟಿಸಲು ಕೂರುತ್ತಿದ್ದರು. ಅವರ ಬಲಗಾಲಿನ ಶೂ ಬೊಂಬೆಯ ಹಾಸಿಗೆಯಾಗಿತ್ತು. ಬೊಂಬೆ ಏಳುವ ಲಕ್ಷಣ ಕಾಣದಿದ್ದುದರಿಂದ ರಬ್ಬರ್ ಚಪ್ಪಲಿಯಲ್ಲೇ ಕಚೇರಿಗೆ ಹೋಗಿ, ಕಾಲಿಗೆ ಗಾಯವಾಗಿದೆ ಎಂದು ಸಾಹೇಬರಿಗೆ ಹೇಳಿದ್ದರು. ಸಾಹೇಬರು ದಿನಾ ಗಾಯ ವಿಚಾರಿಸುತ್ತಿದ್ದುದರಿಂದ ಸ್ವಲ್ಪ ಕುಂಟಲೂ ಬೇಕಾಗುತ್ತಿತ್ತು.

ಆಗಲ್ಲಪ್ಪನವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಆಕೆಯ ಎದುರು ಸರ್ಕಾರ ಕೊಟ್ಟಿದ್ದು ತಿಂದು, ಹೇಳಿದಾಗ ಮಲಗುತ್ತಿತ್ತು. ಆದರೆ ಆಕೆಗೆ ಸಂಜೆಯ ಪಾಳಿ. ಸಂಜೆಯ ಆಡಳಿತವೆಲ್ಲ ಅಪ್ಪ ಮತ್ತು ಅಜ್ಜಿಯ ಕೈಯಲ್ಲಿ, ಎಂದರೆ ಸರ್ಕಾರದ ಕೈಯಲ್ಲಿ.

ಅವರ ಕಟ್ಟಡದ ಹಿಂದಿನ ಅಂಗಳದಲ್ಲಿ ಮಕ್ಕಳಿಗೆಂದು ಒಂದು ಉಯ್ಯಾಲೆ ಇತ್ತು. ಸರ್ಕಾರ ಒಮ್ಮೆ ಅದರ ಮೇಲೆ ಕೂತರೆ ಇಳಿಯುವ ಮಾತೇ ಇಲ್ಲ. ಬೇರೆ ಮಕ್ಕಳು ಮೊದಮೊದಲು ಸುತ್ತ ನಿಂತು ಕಾದರು, ಆಮೇಲೆ ಕೇಳಿದರು, ಆಮೇಲೆ ಅತ್ತರು, ಕೊನೆಗೆ ಅಂಗಳಕ್ಕೆ ಬರುವುದನ್ನೇ ಬಿಟ್ಟರು. ಮೇಲಿನ ಮನೆಯ ಹಲ್ಲಿನ ಡಾಕ್ಟರಮ್ಮನ ಮಗಳೂ ಬಿಟ್ಟಳು. ಹಲ್ಲಿನ ಡಾಕ್ಟರ ಮನೆಯ ಮಗುವಾದರೂ ಮುಂದಿನ ನಾಲ್ಕು ಹಲ್ಲು ಒಟ್ಟಿಗೆ ಬಿದ್ದುಹೋಗಿ, ಎಲ್ಲರೂ ಅವಳನ್ನು ಬೊಚ್ಚಿ ಎನ್ನುತ್ತಿದ್ದರು.

"ಅಪ್ಪಾ, ಬೊಚ್ಚಿ ಯಾಕೆ ಬರ್ಲಿಲ್ಲ?"

"ಅವಳಿಗೆ ನೆಗಡಿ, ಪುಟ್ಟಾ."

ಮರುದಿನವೂ ಅದೇ ಪ್ರಶ್ನೆ, ಅದೇ ನೆಗಡಿ. ಬೊಚ್ಚಿಯ ನೆಗಡಿ ವಾರಗಟ್ಟಲೆ ಎಳೆಯಿತು. ಇದನ್ನು ಕೇಳಿಸಿಕೊಂಡ ಅಜ್ಜಿ, "ಅಯ್ಯೋ ಪಾಪ, ಹೆತ್ತೋಳು ಡಾಕ್ಟರು, ಬರೀ ಹಲ್ಲು ನೋಡ್ತಾಳೆ, ಮೂಗು ನೋಡಲ್ಲ" ಎಂದು ಮುಲಾಮಿನ ಡಬ್ಬಿ ಹಿಡಿದು ಮಹಡಿ ಹತ್ತಿದರು. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮನೇ ಡಬ್ಬಿ ಹಿಡಿದು ಮಹಡಿ ಇಳಿದರು.

"ನನ್ನ ಮಗಳಿಗೆ ನೆಗಡಿ ಇಲ್ಲ ಸಾರ್. ಉಯ್ಯಾಲೆ ಆಡೋ ಆಸೆ ಇದೆ. ನಿಮ್ಮ ಮಗಳು ಯಾವತ್ತು ಇಳೀತಾಳೆ ಅಂತ ಹೇಳ್ಬಿಡಿ, ಅವತ್ತು ಕಳಿಸ್ತೀನಿ."

ಅಭ್ಯಾಸಬಲದಿಂದ ಆಗಲ್ಲಪ್ಪನವರ ಬಾಯಿಗೆ ಆ ಮಾತು ಬಂದೇಬಿಟ್ಟಿತ್ತು. ಹೇಗೋ ನುಂಗಿಕೊಂಡು ಡಬ್ಬಿ ತೆಗೆದುಕೊಂಡರು. ಆಮೇಲೆ ಹಿಂದಿನ ಕಿಟಕಿಯಿಂದ ಇಣುಕಿದರು. ಖಾಲಿ ಅಂಗಳದಲ್ಲಿ ಸರ್ಕಾರ ಒಂದೇ ತೂಗಿಕೊಳ್ಳುತ್ತಿತ್ತು. ತೊಡೆಯ ಮೇಲಿನ ಬೊಂಬೆಗೆ, "ನೀನೂ ಹೋಗ್ಬೇಡ, ಹಾಂ?" ಎನ್ನುತ್ತಿತ್ತು. ಮಗಳು ಕೇಳಿದ್ದೆಲ್ಲ ಅವರು ಕೊಟ್ಟಿದ್ದರು. ಆಟಕ್ಕೆ ಒಬ್ಬ ಗೆಳತಿಯನ್ನು ಮಾತ್ರ ಉಳಿಸಿಕೊಡಲಾಗಲಿಲ್ಲ.

ಇಂಥ ಹೊತ್ತಿನಲ್ಲೇ ಶಾಲೆಯ ಹೆಡ್ ಮೇಡಂ ಅವರ ಕಿಟಕಿಗೆ ಬಂದದ್ದು. ಮಕ್ಕಳು ಕೈ ತೊಳೆಯುವ ಜಾಗಕ್ಕೆ ಇನ್ನೊಂದು ನಲ್ಲಿ ಬೇಕಿತ್ತು. ಆಗಲ್ಲಪ್ಪನವರು ಕನ್ನಡಕ ಒರೆಸಿ, ನಿಟ್ಟುಸಿರಿಟ್ಟು, ತಮ್ಮ ಅತ್ಯುತ್ತಮವಾದದ್ದನ್ನೇ ಕೊಟ್ಟರು.

"ನನಗೂ ಮನಸ್ಸಿದೆ ಮೇಡಂ. ಏನ್ಮಾಡೋದು, ಆಗಲ್ಲ. ನಾಳೆ ಬನ್ನಿ."

ಮೇಡಂ ಸಿಟ್ಟಾಗುವ ಬದಲು ಬೆರಗಾಗಿ ನಿಂತರು.

"ಸಾರ್, ಇಷ್ಟು ವರ್ಷದಿಂದ ಶಾಲೆ ನಡೆಸ್ತಿದ್ದೀನಿ. ಇಲ್ಲ ಅನ್ನೋದನ್ನ ಇಷ್ಟು ಸಮಾಧಾನವಾಗಿ ಹೇಳೋರನ್ನ ಕಂಡಿಲ್ಲ. ನಮ್ಮ ಮಕ್ಕಳ ಅಪ್ಪ ಅಮ್ಮಂದಿರಿಗೆ ಇದೊಂದೇ ಬರಲ್ಲ ನೋಡಿ. ಮಗು ಅತ್ರೆ ಮೊಬೈಲ್ ಕೊಡ್ತಾರೆ. ಮೊಬೈಲ್ ಕಿತ್ಕೊಂಡ್ರೆ ಅಳುತ್ತೆ ಅಂತ ಇನ್ನೂ ದೊಡ್ಡ ಮೊಬೈಲ್ ಕೊಡ್ತಾರೆ. ನಿಮಗೆ ಮಕ್ಕಳು?"

"ಒಬ್ಬಳು ಮಗಳು."

"ಎಂಥ ಶಿಸ್ತಿನ ಮಗುವಾಗಿರ್ಬೇಕು!"

ನಿಜ ಹೇಳಲು ಅದೇ ಸಮಯ. ಆದರೆ ಆ ಕಿಟಕಿಗೆ ಗಾಜು ಕೂರಿಸಿದ ದಿನದಿಂದ ಇಲ್ಲಿಯವರೆಗೆ ಅದರ ಆಚೆಯಿಂದ ಒಂದೂ ಹೊಗಳಿಕೆ ಈಚೆ ಬಂದಿರಲಿಲ್ಲ. ಆಗಲ್ಲಪ್ಪನವರು ಉಬ್ಬಿಹೋದರು.

"ನಮ್ಮನೇಲಿ ಒಂದ್ಸಲ ಆಗಲ್ಲ ಅಂದ್ರೆ ಮುಗೀತು ಮೇಡಂ" ಎಂದರು. ಇದೇನೂ ಸುಳ್ಳಲ್ಲ. ಅನ್ನುವವರು ಯಾರು ಎಂಬುದನ್ನು ಮಾತ್ರ ಹೇಳಲಿಲ್ಲ.

"ಹಾಗಾದ್ರೆ ಶನಿವಾರ ನಮ್ಮ ಪೋಷಕರ ಸಭೆಗೆ ನೀವೇ ಬಂದು ಮಾತಾಡ್ಬೇಕು. 'ಮುದ್ದಿಗೂ ಒಂದು ಮಿತಿ' ಅಂತ ವಿಷಯ. ಮಗಳನ್ನೂ ಕರ್ಕೊಂಡು ಬನ್ನಿ, ಎಲ್ಲರೂ ನೋಡ್ಲಿ."

ಆಗಲ್ಲಪ್ಪನವರು ಬಾಯಿ ತೆರೆದರು. ಊರಿಗೆಲ್ಲ ಧಾರಾಳವಾಗಿ ಹಂಚಿದ ಆ ಒಂದು ಮಾತು ತಮಗೆ ಬೇಕಾದಾಗ ನಾಲಗೆಗೆ ಬರಲಿಲ್ಲ. "ಆಯ್ತು" ಎಂದುಬಿಟ್ಟರು. ಪಕ್ಕದ ಕಿಟಕಿಯ ಕ್ಯಾಷಿಯರು ಗಾಬರಿಯಾಗಿ ಎದ್ದು ನಿಂತು ನೋಡಿದ.

ಮನೆಯಲ್ಲಿ ಸುದ್ದಿ ಕೇಳಿದ ಹೆಂಡತಿ ಬಟ್ಟೆ ಮಡಿಸುವುದನ್ನು ನಿಲ್ಲಿಸಿ ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ನೀವು? ಮಕ್ಕಳ ಶಿಸ್ತಿನ ಬಗ್ಗೆ ಭಾಷಣ? ಒಳ್ಳೇದು ಕಣ್ರೀ. ಅವತ್ತಾದ್ರೂ ಶೂ ಹಾಕ್ಕೊಂಡು ಹೋಗಿ."

ಛಲವೆಂಬುದು ಯಾರಿಗೂ ಬರಬಹುದು. ಶನಿವಾರದೊಳಗೆ ಮಗಳನ್ನು ತಿದ್ದಿಯೇ ತೀರುವೆನೆಂದು ಆಗಲ್ಲಪ್ಪನವರು ಹಟ ತೊಟ್ಟರು. ತಿದ್ದುವುದಕ್ಕೆ ಅವರಿಗೆ ಗೊತ್ತಿದ್ದ ದಾರಿ ಒಂದೇ, ಕಚೇರಿಯ ದಾರಿ. ಅಡುಗೆಮನೆಗೂ ನಡುಮನೆಗೂ ನಡುವೆ ತಟ್ಟೆ ದಾಟಿಸಲು ಒಂದು ಸಣ್ಣ ಕಿಟಕಿ ಇತ್ತು, ಅದಕ್ಕೆ ಮರದ ಬಾಗಿಲೂ ಇತ್ತು. ಆಗಲ್ಲಪ್ಪನವರು ಅದರ ಹಿಂದೆ ಸ್ಟೂಲು ಹಾಕಿಕೊಂಡು ಕೂತರು.

"ಇನ್ಮೇಲೆ ಏನು ಬೇಕಾದ್ರೂ ಇಲ್ಲಿಗೆ ಬಂದು ಕೇಳ್ಬೇಕು."

ಸರ್ಕಾರಕ್ಕೆ ಖುಷಿಯೋ ಖುಷಿ. "ಚಾಕಲೇಟ್ ಬೇಕು."

"ಆಗಲ್ಲ. ನಾಳೆ ಬನ್ನಿ." ಧಡ್ ಎಂದು ಬಾಗಿಲು ಹಾಕಿದರು. ಆಚೆ ಸದ್ದೇ ಇಲ್ಲ. ಇಷ್ಟು ಸುಲಭವಾದ ವಿದ್ಯೆ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದುಕೊಂಡು ಮೆಲ್ಲಗೆ ಬಾಗಿಲು ತೆರೆದು ನೋಡಿದರೆ, ಸರ್ಕಾರ ಅಜ್ಜಿಯ ತೊಡೆಯ ಮೇಲೆ ಕೂತು ಚಾಕಲೇಟ್ ಚೀಪುತ್ತಿತ್ತು.

ಮರುದಿನ ಅದು ಶಿಫಾರಸು ಹಿಡಿದು ಬಂತು. ಕಿಟಕಿಯಲ್ಲಿ ಅಜ್ಜಿಯ ಮುಖ ಕಾಣಿಸಿತು. "ಲೋ, ಮಗು ಕೇಳ್ತಾ ಇದೆ, ಕೊಡೋ."

"ಅಮ್ಮಾ, ಯಾರಾದ್ರೂ ಸರಿ, ಸರದಿಯಲ್ಲೇ ಬರ್ಬೇಕು."

"ನಿನ್ನ ಹೆತ್ತೋಳು ನಾನು! ಸರದಿಯಲ್ಲಿ ಬರ್ಬೇಕಾ?"

ಆಗಲ್ಲಪ್ಪನವರು ನಿಯಮವನ್ನು ಬದಿಗಿಟ್ಟರು. ಕೊಟ್ಟರು. ಅದರ ಮರುದಿನ ಸರ್ಕಾರ ಕಿಟಕಿಯ ಎದುರೇ ದಿಂಬು ಹಾಕಿಕೊಂಡು ಧರಣಿ ಕೂತು ಕಿರುಚಿತು. ಬಾಗಿಲು ಹಾಕಿ ಕಿವಿಗೆ ಹತ್ತಿ ತುರುಕಿಕೊಂಡರೂ ತಡೆಯಲಾರದೆ ಆಗಲ್ಲಪ್ಪನವರು ಚಾಕಲೇಟಿನ ಜೊತೆ ಬಿಸ್ಕತ್ತನ್ನೂ ಸೇರಿಸಿ ಸಂಧಾನ ಮಾಡಿಕೊಂಡರು. ಶುಕ್ರವಾರ ಮುಖ ತೊಳೆದು ಬರುವಷ್ಟರಲ್ಲಿ ಸ್ಟೂಲಿನ ಮೇಲೆ ಸರ್ಕಾರವೇ ಕೂತಿತ್ತು.

"ಪುಟ್ಟಾ, ಇಳಿ. ಅಪ್ಪ ಟೀ ಮಾಡ್ಕೋಬೇಕು."

ಸರ್ಕಾರ ನಿಟ್ಟುಸಿರಿಟ್ಟಿತು. ಇಲ್ಲದ ಕನ್ನಡಕವನ್ನು ತೆಗೆದು ಒರೆಸಿತು. "ನನಗೂ ಮನಸ್ಸಿದೆ. ಏನ್ಮಾಡೋದು, ಆಗಲ್ಲ. ನಾಳೆ ಬನ್ನಿ." ಧಡ್.

ಪಾಳಿ ಮುಗಿಸಿ ಹೆಂಡತಿ ಮನೆಗೆ ಬಂದಾಗ, ಮುಚ್ಚಿದ ಕಿಟಕಿಯ ಮುಂದೆ ಗಂಡ ಖಾಲಿ ಲೋಟ ಹಿಡಿದು ನಿಂತಿದ್ದರು. ಅವರ ಹಿಂದೆ ಅತ್ತೆ ಸರದಿಯಲ್ಲಿ ನಿಂತಿದ್ದರು. ಆಕೆ ಬ್ಯಾಗು ಕೆಳಗಿಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇಳಿ ಕೆಳಗೆ" ಎಂದಳು. ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದು ಸರ್ಕಾರ ಇಳಿಯಿತು.

"ಅದ್ಹೇಗೇ?" ಎಂದರು ಆಗಲ್ಲಪ್ಪನವರು.

"ಹೇಗೂ ಇಲ್ಲ. ಅವಳು ಇಳಿಯೋವರೆಗೂ ನಾನು ಇಲ್ಲೇ ನಿಂತಿರ್ತೀನಿ ಅಂತ ಅವಳಿಗೆ ಗೊತ್ತು. ನೀವು ಆಗಲ್ಲ ಅಂದು ಬಾಗಿಲು ಹಾಕ್ಕೋತೀರಿ. ಅಳು ಕೇಳಿಸಿದ ತಕ್ಷಣ ತೆಗೀತೀರಿ."

ಆಗಲ್ಲಪ್ಪನವರು ಆ ಹೊತ್ತಿಗೆ ಟೀ ಡಬ್ಬಿ ಹುಡುಕುತ್ತಿದ್ದರು. ಮಾತು ಅರ್ಧ ಕಿವಿಗೆ ಬಿತ್ತು, ಅರ್ಧ ಡಬ್ಬಿಗೆ ಬಿತ್ತು.

ಶನಿವಾರ ಹೆಂಡತಿಗೆ ಕೆಲಸವಿತ್ತು. ಆಗಲ್ಲಪ್ಪನವರು ಇಸ್ತ್ರಿ ಪ್ಯಾಂಟು ತೊಟ್ಟು, ಬೊಂಬೆಯನ್ನು ಎಚ್ಚರವಾಗದಂತೆ ಎತ್ತಿ ಸೋಫಾಕ್ಕೆ ವರ್ಗಾಯಿಸಿ, ಎರಡೂ ಶೂ ಹಾಕಿಕೊಂಡು ಹೊರಟರು. "ಅಮ್ಮಾ, ಏನೇ ಆಗ್ಲಿ, ಇವಳನ್ನ ಮನೆಯಿಂದ ಹೊರಗೆ ಬಿಡ್ಬೇಡ" ಎಂದು ಎಚ್ಚರಿಸಿದ್ದೂ ಆಯಿತು. ಮಗಳು ಬರಲಿಲ್ಲವೇ ಎಂದು ಕೇಳಿದ ಹೆಡ್ ಮೇಡಮ್ಮಿಗೆ, "ಮನೇಲಿ ಓದ್ಕೋತಾ ಇದ್ದಾಳೆ" ಎಂದರು. ಐದು ವರ್ಷದ ಮಗು ರಜಾದಿನ ಓದುತ್ತಿದೆಯೆಂದು ಕೇಳಿ ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡರು.

ಸಭೆ ಪುಟ್ಟ ಮಕ್ಕಳ ತರಗತಿಯಲ್ಲಿತ್ತು. ಪೋಷಕರ ಜೊತೆ ಬಂದ ಮಕ್ಕಳನ್ನು ಹೊರಗೆ ಮೈದಾನದಲ್ಲಿ ಆಡಲು ಬಿಟ್ಟಿದ್ದರು. ದೊಡ್ಡ ದೊಡ್ಡ ಅಪ್ಪಂದಿರು ಗೇಣುದ್ದದ ಕುರ್ಚಿಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿ ಕೂತಿದ್ದರು. ಮುಂದಿನ ಸಾಲಿನಲ್ಲೇ ಹಲ್ಲಿನ ಡಾಕ್ಟರಮ್ಮ! ಅವರ ಮಗಳು ಓದುವುದು ಇದೇ ಶಾಲೆಯಲ್ಲಿ ಎಂಬುದು ಆಗಲ್ಲಪ್ಪನವರಿಗೆ ಆಗಲೇ ಗೊತ್ತಾದದ್ದು. ಡಾಕ್ಟರಮ್ಮ ಕೈಕಟ್ಟಿ ಕೂತು, ಮೂವತ್ತೆರಡೂ ಹಲ್ಲು ಕಾಣುವಂತೆ ನಕ್ಕರು. ಬಾಯಿ ಮಾತ್ರ ಬಿಡಲಿಲ್ಲ.

ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ಆಗಲ್ಲಪ್ಪನವರ ಭಾಷಣ ಮಾತ್ರ ಅಮೋಘವಾಗಿತ್ತು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂದರು; ಚಪ್ಪಾಳೆ. "ಮಗು ಕೇಳೋದು ಅದರ ಹಕ್ಕು, ಇಲ್ಲ ಅನ್ನೋದು ನಮ್ಮ ಕರ್ತವ್ಯ" ಎಂದರು, ಮತ್ತೆ ಚಪ್ಪಾಳೆ. ಒಬ್ಬ ದಪ್ಪ ಮೀಸೆಯ ಅಪ್ಪ ಕುರ್ಚಿಯ ಸಮೇತ ಎದ್ದು, "ಸಾರ್, ನನ್ನ ಮಗ ಅಂಗಡೀಲಿ ನೆಲದ ಮೇಲೆ ಬಿದ್ದು ಹೊರಳಾಡ್ತಾನೆ, ಏನ್ಮಾಡ್ಲಿ?" ಎಂದ.

"ಹೊರಳಾಡ್ಲಿ ಬಿಡಿ. ಅಂಗಡಿ ನೆಲ ಸ್ವಚ್ಛ ಆಗುತ್ತೆ."

ತರಗತಿಯೇ ನಗೆಯಿಂದ ತುಂಬಿತು. ಆಗಲೇ ಶಾಲೆಯ ಆಯಾ ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು.

"ಮೇಡಂ, ಹೊರಗೆ ಒಂದು ಮಗು ಉಯ್ಯಾಲೆ ಹತ್ತಿ ಕೂತ್ಬಿಟ್ಟಿದೆ. ಎಷ್ಟು ಹೇಳಿದ್ರೂ ಇಳೀತಿಲ್ಲ. ಮಕ್ಕಳ ಸಾಲು ಗೇಟ್ ಮುಟ್ಟಿದೆ. ಕೇಳಿದ್ರೆ ಕಣ್ಣು ಮುಚ್ಕೊಂಡು 'ಕಿಟಕಿ ಮುಚ್ಚಿದೆ' ಅನ್ನುತ್ತೆ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆಗಲ್ಲಪ್ಪನವರ ಕೈ ತಾನಾಗಿ ಹೆಗಲಿಗೆ ಹೋಯಿತು.

"ಯಾರದ್ರೀ ಅದು ಮಗು?" ಎಂದಿತು ಹಿಂದಿನ ಸಾಲು.

"ಮಗುವಿನದೇನು ತಪ್ಪು? ಹೆತ್ತೋರಿಗೆ ಬುದ್ಧಿ ಬೇಡ್ವಾ?" ಎಂದಿತು ನಡುಸಾಲು.

"ಅಂಥ ಅಪ್ಪನ್ನ ಮೊದಲು ಬೆಂಚಿನ ಮೇಲೆ ನಿಲ್ಲಿಸ್ಬೇಕು!" ಎಂದ ಮೀಸೆ.

"ಹೌದು, ಹೌದು" ಎಂದರು ಆಗಲ್ಲಪ್ಪನವರು, ತೀರ ಸಣ್ಣ ದನಿಯಲ್ಲಿ.

ಹೆಡ್ ಮೇಡಮ್ಮಿನ ಕಣ್ಣು ಹೊಳೆಯಿತು. "ಇದಕ್ಕಿಂತ ಒಳ್ಳೆ ಅವಕಾಶ ಸಿಗಲ್ಲ ಸಾರ್. ಬನ್ನಿ, ಹೇಳಿದ್ದನ್ನ ಮಾಡಿ ತೋರಿಸಿ!" ಕುರ್ಚಿಗಳು ಕಿರುಗುಟ್ಟಿದವು. ಆಗಲ್ಲಪ್ಪನವರನ್ನು ಮುಂದಿಟ್ಟುಕೊಂಡು ಪೋಷಕವೃಂದ ಮೆರವಣಿಗೆಯಲ್ಲಿ ಹೊರಬಂತು. ಅವರು ಎರಡು ಸಲ ಹಿಂದೆ ಸರಿಯಲು ನೋಡಿದರು. ಎರಡು ಸಲವೂ ಮೀಸೆ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದ.

ಗೇಟಿನ ಪಕ್ಕದ ಬೆಂಚಿನಲ್ಲಿ ಅಜ್ಜಿ ಬಿಸ್ಕತ್ತಿನ ಡಬ್ಬಿ ಹಿಡಿದು ಕೂತಿದ್ದರು. ಮಗನನ್ನು ಕಂಡು, ನಾನೇನು ಮಾಡಲಿ, ಕೇಳಿತು, ಕರೆದುಕೊಂಡು ಬಂದೆ ಎಂಬಂತೆ ಎರಡೂ ಕೈ ಮೇಲೆತ್ತಿದರು. ಉಯ್ಯಾಲೆಯ ಮೇಲೆ ಸರ್ಕಾರ ಕಣ್ಣು ಮುಚ್ಚಿ ಕೂತಿತ್ತು.

ಆಗಲ್ಲಪ್ಪನವರು ಗಂಟಲು ಸರಿಮಾಡಿಕೊಂಡು, ಎಂದೂ ಕಾಣದ ಮಗುವಿಗೆ ಹೇಳುವಂತೆ, "ಮಗೂ, ಇನ್ನು ಇಳೀಬೇಕು" ಎಂದರು.

ಸರ್ಕಾರ ಒಂದೇ ಕಣ್ಣು ತೆರೆಯಿತು. ನಿಟ್ಟುಸಿರಿಟ್ಟಿತು. "ನನಗೂ ಮನಸ್ಸಿದೆ. ಏನ್ಮಾಡೋದು, ಆಗಲ್ಲ. ನಾಳೆ ಬನ್ನಿ."

"ಅರೆ!" ಎಂದರು ಹೆಡ್ ಮೇಡಂ. "ಇದು ನಿಮ್ಮ ಧಾಟಿ ಅಲ್ವಾ ಸಾರ್?"

"ಅದೇ ಧಾಟಿ ಮೇಡಂ" ಎಂದ ಮೀಸೆ. "ನಲ್ಲಿ ಹಾಕಿಸೋಕೆ ಅಂತ ಎರಡು ವರ್ಷ ಕೇಳಿದ್ದೀನಿ, ನನಗೆ ಗೊತ್ತಾಗಲ್ವಾ?"

ಸರ್ಕಾರ ಎರಡನೇ ಕಣ್ಣನ್ನೂ ತೆರೆಯಿತು. "ಅಪ್ಪಾ, ಸುಮ್ನೆ ನಿಂತ್ಕೋಬೇಡ. ಹಿಂದಿನಿಂದ ತಳ್ಳು."

ಅಪ್ಪಾ ಎಂಬ ಮಾತು ಮೈದಾನವನ್ನೆಲ್ಲ ಸುತ್ತಿ ಬಂದು ಆಗಲ್ಲಪ್ಪನವರ ತಲೆಯ ಮೇಲೆ ಕೂತಿತು. ಡಾಕ್ಟರಮ್ಮ ಮೆಲ್ಲಗೆ, "ನಮ್ಮ ಬೊಚ್ಚಿ ಸಾಲಿನ ಕೊನೇಲಿದ್ದಾಳೆ ಸಾರ್" ಎಂದರು.

ಆಗಲ್ಲಪ್ಪನವರು ಸಾಲಿನತ್ತ ನೋಡಿದರು. ಮಕ್ಕಳೆಲ್ಲ ಅವರ ಮಗಳನ್ನೇ ನೋಡುತ್ತಿದ್ದವು. ಆ ನೋಟ ಅವರಿಗೆ ಚೆನ್ನಾಗಿ ಗೊತ್ತಿತ್ತು. ದಿನವೂ ಕಿಟಕಿಯ ಆಚೆಯಿಂದ ಜನ ಅವರನ್ನು ನೋಡುತ್ತಿದ್ದ ನೋಟವೇ ಅದು. ತಮ್ಮನ್ನು ಯಾರು ಹೇಗೆ ನೋಡಿದರೂ ಅವರು ತಡೆದುಕೊಂಡಿದ್ದರು. ಮಗಳನ್ನು ಹಾಗೆ ನೋಡುವುದನ್ನು ತಡೆದುಕೊಳ್ಳಲಾಗಲಿಲ್ಲ. ಮರ್ಯಾದೆ ಹೋದದ್ದಕ್ಕಿಂತ ಹೆಚ್ಚಾಗಿ ಭಯವಾಯಿತು. ಹೀಗೇ ಬಿಟ್ಟರೆ ಈ ಮಕ್ಕಳಲ್ಲಿ ಒಂದೂ ಎಂದೂ ಅವಳ ಜೊತೆ ಆಡಲು ಬರುವುದಿಲ್ಲ.

ಉಯ್ಯಾಲೆಯ ಸರಪಳಿ ಹಿಡಿದು ನಿಲ್ಲಿಸಿದರು. ಮಗಳನ್ನು ಎತ್ತಿ ಕೆಳಗಿಳಿಸಿದರು. "ಆಗಲ್ಲ ಪುಟ್ಟಾ. ನಿನ್ನ ಸರದಿ ಆಯ್ತು" ಎಂದರು.

ಕ್ಷಣ ಹೊತ್ತು ಅವಳಿಗೆ ನಂಬಿಕೆಯೇ ಬರಲಿಲ್ಲ. ಆಮೇಲೆ ಮರಳಿನ ಮೇಲೆ ಬಿದ್ದು ಒಂದು ಕೂಗು ಹಾಕಿದಳು ನೋಡಿ, ಮರದ ಕಾಗೆಗಳೆಲ್ಲ ಹಾರಿಹೋದವು. ರಸ್ತೆಯಾಚೆ ಕ್ಷೌರದಂಗಡಿಯಲ್ಲಿ ಕತ್ತಿ ಅರ್ಧ ಗಡ್ಡದ ಮೇಲೆ ನಿಂತುಹೋಯಿತು. ಮುಚ್ಚಿಕೊಳ್ಳಲು ಆಗಲ್ಲಪ್ಪನವರಿಗೆ ಅಲ್ಲಿ ಕಿಟಕಿ ಇರಲಿಲ್ಲ. ಕಾಲುಗಳು ಆಗಲೇ ಓಡಲು ಸಿದ್ಧವಾಗಿದ್ದವು. ಓಡದಿರಲೆಂದು ಮಗಳ ಪಕ್ಕ, ಇಸ್ತ್ರಿ ಪ್ಯಾಂಟಿನ ಸಮೇತ ಮರಳಲ್ಲಿ ಕೂತುಬಿಟ್ಟರು.

"ಮೊಬೈಲ್ ಕೊಡಿ ಸಾರ್!" ಎಂದರು ಯಾರೋ.

"ಪೊಲೀಸ್ ಬರ್ತಾರೆ ಅನ್ನಿ!" ಎಂದರು ಇನ್ನೊಬ್ಬರು.

"ಹೊರಳಾಡ್ಲಿ ಬಿಡಿ, ನೆಲ ಸ್ವಚ್ಛ ಆಗುತ್ತೆ" ಎಂದ ಮೀಸೆ. ಹೆಡ್ ಮೇಡಂ ಅವನನ್ನು ನೋಡಿದ ನೋಟಕ್ಕೆ ಅವನ ಮೀಸೆ ಇಳಿಯಿತು.

ಅಜ್ಜಿ ಬಿಸ್ಕತ್ತು ಹಿಡಿದು ಧಾವಿಸಿದರು. ಆಗಲ್ಲಪ್ಪನವರು ಅವರ ಕೈ ಹಿಡಿದುಕೊಂಡರು. "ಬೇಡಮ್ಮ."

"ನಂಗೇ ಬೇಡ ಅಂತೀಯೇನೋ?"

"ಹೂಂ ಅಮ್ಮ."

ಅಜ್ಜಿ ತಬ್ಬಿಬ್ಬಾಗಿ ಅಲ್ಲೇ ಕೂತು, ಕೈಯಲ್ಲಿದ್ದ ಬಿಸ್ಕತ್ತನ್ನು ತಾವೇ ತಿಂದರು.

ಅಳು ಏರಿತು, ಇಳಿಯಿತು, ಅಪ್ಪ ಇನ್ನೂ ಅಲ್ಲೇ ಇದ್ದಾನೆಯೇ ಎಂದು ನೋಡಿಕೊಂಡು ಮತ್ತೆ ಏರಿತು. ಅಪ್ಪ ಅಲ್ಲೇ ಇದ್ದರು. ಅವರ ಕಣ್ಣಲ್ಲೂ ನೀರಿತ್ತು, ಆದರೆ ಕೂತಲ್ಲಿಂದ ಅಲುಗಲಿಲ್ಲ. ಉಯ್ಯಾಲೆ ಒಂದೊಂದೇ ಮಗುವನ್ನು ಹೊತ್ತು ತೂಗತೊಡಗಿತು. ಕೊನೆಗೆ ಬಿಕ್ಕಳಿಕೆ ಮಾತ್ರ ಉಳಿಯಿತು.

"ನಂಗೆ ಮತ್ತೆ ಯಾವಾಗ?"

"ಸಾಲಿನ ಕೊನೇಲಿ ನಿಂತ್ಕೊ. ಬಂದಾಗ ಬರುತ್ತೆ."

ಅವಳು ಎದ್ದು, ಮೂಗನ್ನು ಅಪ್ಪನ ತೋಳಿಗೆ ಒರೆಸಿ, ಹೋಗಿ ಬೊಚ್ಚಿಯ ಹಿಂದೆ ನಿಂತಳು. ಬೊಚ್ಚಿ ತಿರುಗಿ ನೋಡಿ, ಮತ್ತೆ ಮುಂದೆ ನೋಡಿದಳು. ಸಾಲು ಕರಗುತ್ತ ಬಂತು. ಇನ್ನೇನು ಬೊಚ್ಚಿ ಹತ್ತಬೇಕು, ಅಷ್ಟರಲ್ಲಿ ಶಾಲೆ ಮುಚ್ಚುವ ಗಂಟೆ ಹೊಡೆಯಿತು. ಕಾವಲುಗಾರ ಬಂದು ಉಯ್ಯಾಲೆಯನ್ನು ಎತ್ತಿ ಕಂಬಕ್ಕೆ ಕಟ್ಟಿದ.

ಬೊಚ್ಚಿಯ ಬೊಚ್ಚುಬಾಯಿ ಅಗಲವಾಯಿತು. ಇಷ್ಟು ಹೊತ್ತು ಕಾದು ಸಿಗಲಿಲ್ಲವೆಂದರೆ ಯಾರಿಗೆ ತಾನೇ ಅಳು ಬಾರದು? ಹಿಂದಿದ್ದವಳು ಅವಳ ಮುಖವನ್ನೇ ನೋಡಿದಳು, ಕಟ್ಟಿದ ಉಯ್ಯಾಲೆಯನ್ನು ನೋಡಿದಳು. ಆದ ಅನ್ಯಾಯವೆಲ್ಲ ಪೂರ್ತಿ ಅರ್ಥವಾದವಳಂತೆ ಬೊಚ್ಚಿಯ ಕೈ ಹಿಡಿದುಕೊಂಡು, ತಾನೂ ಬಾಯಿ ತೆರೆದಳು. ಇಬ್ಬರೂ ಕಾವಲುಗಾರನ ಮುಂದೆ ನಿಂತು ಒಂದೇ ಶ್ರುತಿಯಲ್ಲಿ ಅತ್ತರು. ಕಾವಲುಗಾರ ಹೆದರಿ ಕೋಣೆ ಸೇರಿಕೊಂಡ.

ಡಾಕ್ಟರಮ್ಮ ಬಗ್ಗಿ ಆಗಲ್ಲಪ್ಪನವರ ಮಗಳ ತೆರೆದ ಬಾಯೊಳಗೆ ಇಣುಕಿದರು. "ಸಾರ್, 'ಮುದ್ದಿಗೂ ಒಂದು ಮಿತಿ' ಅಂದ್ರಲ್ಲ, ಚಾಕಲೇಟಿಗೂ ಒಂದಿರ್ಲಿ. ದವಡೆ ಹಲ್ಲು ಹುಳುಕಾಗಿದೆ. ಸೋಮವಾರ ಕರ್ಕೊಂಡು ಬನ್ನಿ."

ಮನೆಗೆ ಹೋಗುವಾಗ ಅಜ್ಜಿ ಮುಂದೆ, ಅಪ್ಪ ಮಗಳು ಹಿಂದೆ. ಎತ್ತಿಕೋ ಎಂದು ಅವಳು ಕೇಳಲಿಲ್ಲ. ಯಾವುದೋ ಯೋಚನೆಯಲ್ಲಿ ಕಲ್ಲೊಂದನ್ನು ಒದೆಯುತ್ತ ನಡೆಯುತ್ತಿದ್ದಳು.

"ಅಪ್ಪಾ."

"ಹೂಂ?" ಎಂದರು ಆಗಲ್ಲಪ್ಪನವರು, ಎದೆ ಗಟ್ಟಿ ಮಾಡಿಕೊಂಡು.

"ಬೊಚ್ಚಿ ನನಗಿಂತ ಜೋರಾಗಿ ಅಳ್ತಾಳೆ."

"ಹೌದಾ?"

"ನಾಳೆ ನಮ್ಮನೆಗೆ ಬರ್ತಾಳಂತೆ."

ಆಗಲ್ಲಪ್ಪನವರು ನಡುರಸ್ತೆಯಲ್ಲೇ ನಿಂತುಬಿಟ್ಟರು. ಹಿಂದಿನ ಸೈಕಲ್ಲಿನವನು ಬೈದದ್ದು ಕೂಡ ಕೇಳಿಸಲಿಲ್ಲ. "ಬರ್ತಾಳಾ? ಯಾಕೆ ಪುಟ್ಟಾ?"

"ಅಳೋಕೆ" ಎಂದಳು ಮಗಳು, ಹೆಮ್ಮೆಯಿಂದ. "ಇಬ್ಬರೂ ಸೇರಿ."